ನಡುವೆ ಇಳಿಯಲಾಗದ ದಾರಿ

ಓಕ್‌ಲ್ಯಾಂಡ್, ಅಮೆರಿಕ
೧೪ ಜುಲೈ ೨೦೨೪, ಭಾನುವಾರ

ಮುನಿಸಿಕೊಂಡು ಕೂತಿರುವ ನನ್ನ ಹೇಮಾಗೆ, ಮುನಿಸಿಲ್ಲದ ಅಮ್ಮನ ಮುತ್ತುಗಳು.

ಫೋನ್ ಮಾಡಿದರೆ ಕಟ್ ಮಾಡುತ್ತೀಯ. ವಾಟ್ಸಾಪಿನಲ್ಲಿ ಬರೆದರೆ ನೀಲಿ ಗೆರೆ ಬೀಳುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಕಾಗದವಾದರೆ ಈ ಕಷ್ಟವಿಲ್ಲ. ಬೇಕಿದ್ದರೆ ಹರಿದುಹಾಕು, ಆದರೆ ಹರಿಯುವ ಮುಂಚೆ ನಾಲ್ಕು ಸಾಲನ್ನಾದರೂ ಓದೇ ಓದುತ್ತೀಯ ಎಂದು ನನಗೆ ಗೊತ್ತು, ಹೆತ್ತವಳಲ್ಲವೇ. ಹಲಸೂರಿನ ಕಾರ್ಪೊರೇಷನ್ ಶಾಲೆಯಲ್ಲಿ ವರ್ಷಗಟ್ಟಲೆ ಮಕ್ಕಳಿಗೆ ಪತ್ರಲೇಖನ ಕಲಿಸಿದವಳು ನಾನು. ಒಬ್ಬರಿಗೂ ಹತ್ತಕ್ಕೆ ಹತ್ತು ಕೊಟ್ಟವಳಲ್ಲ. ಈಗ ನಿನ್ನ ಸರದಿ, ನೀನು ಎಷ್ಟು ಕೊಡುತ್ತೀಯೋ ಕೊಡು.

ಮೊದಲು ಮುಖ್ಯ ವಿಷಯ. ನಾನು ಬಂದು ಮುಟ್ಟಿದ್ದೇನೆ. ಬೆಂಗಳೂರಿನಿಂದ ಹೊರಟರೆ ಎಲ್ಲೂ ನಿಲ್ಲದ, ಹದಿನೇಳು ಗಂಟೆಯ ವಿಮಾನ. ಹಲಸೂರಿನಲ್ಲಿ ಬಸ್ಸು ಹತ್ತಿದರೆ ಮೆಜೆಸ್ಟಿಕ್ ಬರುವ ಮೊದಲೇ ಕಿಟಕಿಯಾಚೆ ತಲೆ ಹಾಕುತ್ತಿದ್ದ ನಿನ್ನ ಅಮ್ಮ ಅಷ್ಟು ಹೊತ್ತು ಗಾಳಿಯಲ್ಲಿದ್ದು, ನೆಟ್ಟಗೆ ನಡೆದುಕೊಂಡು ಇಳಿದಿದ್ದಾಳೆ. ನಮ್ಮ ಜೋಗುಪಾಳ್ಯದಲ್ಲಿ ಯಾರಿಗೆ ಹೇಳಿದರೂ ನಂಬುವುದಿಲ್ಲ. ನೀನಂತೂ ನಂಬುವುದೇ ಇಲ್ಲ, ಅದಕ್ಕೇ ಎಲ್ಲವನ್ನೂ ವಿವರವಾಗಿ ಬರೆಯುತ್ತಿದ್ದೇನೆ.

ನಿನ್ನ ಕೋಪ ಯಾವುದೆಂದು ನನಗೆ ಗೊತ್ತಿಲ್ಲವೆಂದು ತಿಳಿಯಬೇಡ. ನೀನು ನರ್ಸಾಗಿ ಮಡಿಕೇರಿಗೆ ಹೋದೆ, ಅಳಿಯ ಸಿದ್ಧಾರ್ಥನಿಗೆ ಅಲ್ಲೇ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಮನೆಯನ್ನೂ ಕಟ್ಟಿದಿರಿ. ಹೊಸ ಮನೆಯಲ್ಲಿ ಹಾಲುಕ್ಕಿಸುವ ದಿನ ತವರಿನವರು ಬರಬೇಕೆಂದು ನೀನು ಬುದ್ಧ ವಂದನೆಯನ್ನೇ ತಡಮಾಡಿ ಕಾದೆಯಂತೆ. ಬಂದದ್ದು ನಿಮ್ಮಪ್ಪ ಒಬ್ಬರೇ. ನಾನು ವಾಂತಿ ತಾಳಲಾಗದೆ ರಾಮನಗರದಲ್ಲಿ ಬಸ್ಸಿನಿಂದ ಇಳಿದುಬಿಟ್ಟಿದ್ದೆ. ಅದಾದ ಮೇಲೆ ಮೂರು ಸಲ ಹೊರಟೆ, ಮೂರು ಸಲವೂ ಅಲ್ಲೇ ಎಲ್ಲೋ ಇಳಿದೆ. ದೀಪು ಹುಟ್ಟಿ ಶಾಲೆಗೆ ಹೋಗುವಂತಾದರೂ ನಾನು ನಿನ್ನ ಮನೆಯ ಹೊಸ್ತಿಲು ತುಳಿದಿಲ್ಲ. ಹೀಗಿರುವಾಗ, ಅಮೆರಿಕಕ್ಕೆ ಹೋಗುತ್ತೇನೆಂದು ಹೇಳಿದರೆ ನೀನಾದರೂ ಏನು ಹೇಳಬೇಕಿತ್ತು? "ಮಡಿಕೇರಿಗೆ ಬರಕ್ಕಾಗಲ್ಲ, ಅಮೆರಿಕಕ್ಕೆ ಹೋಗ್ಬೋದಾ? ನಾನೂ ಅಲ್ಲೇ ಯಾವ್ದಾದ್ರೂ ಸ್ಟೇಡಿಯಂ ಪಕ್ಕ ಮನೆ ಕಟ್ಬೇಕಿತ್ತು ಬಿಡು," ಎಂದು ಫೋನಿಟ್ಟೆ. ಮಾತು ಸರಿಯಾಗಿಯೇ ಇತ್ತು. ಸರಿಯಾಗಿದ್ದದ್ದಕ್ಕೇ ಎರಡು ದಿನ ಊಟ ಸೇರಲಿಲ್ಲ.

ಆದರೆ ಒಂದು ತಮಾಷೆ ನೋಡು. ಯಾವ ಕಾಯಿಲೆ ನನ್ನನ್ನು ನಿನ್ನ ಮನೆಗೆ ಬರಲು ಬಿಡಲಿಲ್ಲವೋ ಅದೇ ಕಾಯಿಲೆ ನನ್ನನ್ನು ಅಮೆರಿಕಕ್ಕೆ ಕರೆಸಿತು. ಬಸ್ಸು, ಆಟೋ, ಕಾರು ಯಾವುದೂ ಆಗದು ಎಂದ ಮೇಲೆ ಉಳಿದದ್ದು ನಡಿಗೆ. ಶಾಲೆಗೆ ನಡೆದೆ, ಶಿವಾಜಿನಗರದ ಮಾರ್ಕೆಟ್ಟಿಗೆ ನಡೆದೆ, ಕೆ.ಆರ್. ಪುರದ ಮದುವೆಗೂ ರೇಷ್ಮೆ ಸೀರೆ ಉಟ್ಟು ನಡೆದೇ ಹೋದೆ. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ನಿಮ್ಮಪ್ಪ ನಗುತ್ತಿದ್ದರು. ನಿವೃತ್ತಿಯಾದ ಮೇಲೆ ಹಲಸೂರು ಕೆರೆ ಸುತ್ತ ನಡೆಯುತ್ತಿದ್ದಾಗ ಜಗನ್ ನನ್ನನ್ನು ಹಿಡಿದು ನಿಲ್ಲಿಸಿದರು. ಮಿಲಿಟರಿಯಿಂದ ನಿವೃತ್ತರಾಗಿ ಹಿರಿಯರಿಗೆ ವೇಗದ ನಡಿಗೆ ಕಲಿಸುವವರು. "ಅಕ್ಕಾ, ಓಡೋ ಹುಡುಗ್ರನ್ನೇ ಹಿಂದೆ ಹಾಕ್ತಾ ಇದೀರ, ಯಾರ್ ನಿಮ್ಗೆ ಟ್ರೈನಿಂಗ್ ಕೊಟ್ಟಿದ್ದು?" ಎಂದು ಕೇಳಿದರು. ಬಿ.ಎಂ.ಟಿ.ಸಿ. ಬಸ್ಸು ಎಂದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಉಳಿದದ್ದು ನಿನಗೆ ಗೊತ್ತು. ಕಂಠೀರವದಲ್ಲಿ ಹಿರಿಯರ ನಡಿಗೆ ಸ್ಪರ್ಧೆಯ ರಾಜ್ಯಮಟ್ಟ ಗೆದ್ದೆ. ರಾಷ್ಟ್ರಮಟ್ಟವೂ ಆ ವರ್ಷ ನನ್ನ ಪುಣ್ಯಕ್ಕೆ ಬೆಂಗಳೂರಿನಲ್ಲೇ ಇತ್ತು, ನಡೆದುಹೋಗಿ ಗೆದ್ದೆ. ಅಂತರರಾಷ್ಟ್ರೀಯ ಕೂಟಕ್ಕೆ ಹೆಸರು ಬಂದಾಗ ಎಲ್ಲರೂ ಕುಣಿದರು, ನಾನು ಮಾತ್ರ ಭೂಪಟ ತೆಗೆದು ನೋಡಿದೆ. ಅಮೆರಿಕಕ್ಕೆ ನಡೆದುಹೋಗಲು ದಾರಿಯಿಲ್ಲ.

ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಬಿಡಲು ಬಿಡದವಳು ಕಮರುನ್ನೀಸಾ. ಶಿವಾಜಿನಗರದ ಉರ್ದು ಶಾಲೆಯಲ್ಲಿದ್ದಳಲ್ಲ, ನಿನಗೆ ರಂಜಾನಿನಲ್ಲಿ ಶೀರ್ ಖುರ್ಮಾ ಕಳಿಸುತ್ತಿದ್ದವಳು, ಅವಳೇ. ಉಮ್ರಾಕ್ಕೆಂದು ಮೆಕ್ಕಾಗೆ ಹೋಗಿ ಬಂದವಳು, ತಂಗಿಯನ್ನು ನೋಡಲು ಟೊರೊಂಟೊಗೂ ಹೋಗಿ ಬಂದವಳು. ವಿಮಾನದ ವಿಷಯದಲ್ಲಿ ಅವಳ ಮುಂದೆ ಪೈಲಟ್ ಕೂಡ ಬಾಯಿ ಬಿಡುವಂತಿಲ್ಲ. "ಅರೆ, ನೀನು ಹೋಗಲ್ಲ ಅಂದ್ರೆ ನಿನ್ ಜಾಗದಲ್ಲಿ ನಾನ್ ಹೋಗ್ತೀನಿ, ನಡಿಗೆ ಬರ್ದಿದ್ರೆ ಏನಾಯ್ತು, ಊಟ ಮಾಡ್ಕೊಂಡ್ ಬರ್ತೀನಿ," ಎಂದಳು. ಮಾರನೆಯ ದಿನದಿಂದಲೇ ನನ್ನ ತರಬೇತಿ ಶುರು.

ವಾಂತಿಯ ಮಾತ್ರೆ ನುಂಗಿದರೆ ನನಗೆ ಮಂಪರು ಹಿಡಿದು ಎರಡು ದಿನ ಕಾಲು ನೆಟ್ಟಗಾಗುವುದಿಲ್ಲ. ಸ್ಪರ್ಧೆಗೆ ಹೋಗುವವಳಿಗೆ ಅದು ಆಗದು. ಹಾಗಾಗಿ ಅಭ್ಯಾಸವೊಂದೇ ಔಷಧಿ ಎಂದು ಕಮರುನ್ನೀಸಾ ತೀರ್ಪು ಕೊಟ್ಟಳು. ಅಭ್ಯಾಸಕ್ಕೆ ಆರಿಸಿದ್ದು ಮೆಟ್ರೋ. ಮೊದಲ ದಿನ ಹಲಸೂರಿನಲ್ಲಿ ಹತ್ತಿ ಕಬ್ಬನ್ ಪಾರ್ಕಿನಲ್ಲೇ ಇಳಿದು, ಪ್ಲಾಟ್‌ಫಾರಂ ಬೆಂಚಿನ ಮೇಲೆ ತಲೆ ಬಗ್ಗಿಸಿ ಕೂತೆ. ಆಮೇಲೆ ಮೆಜೆಸ್ಟಿಕ್, ಆಮೇಲೆ ವಿಜಯನಗರ, ಆಮೇಲೆ ಕೆಂಗೇರಿ, ಹೀಗೆ ಒಂದೊಂದೇ ಹೆಜ್ಜೆ. ಪುಸ್ತಕ ಓದಬಾರದು, ಫೋನು ನೋಡಬಾರದು, ದೂರದ್ದನ್ನೇ ನೋಡುತ್ತಿರಬೇಕು, ಹಿಂದಕ್ಕೆ ಮುಖ ಮಾಡಿ ಕೂರಬಾರದು ಎಂದು ಅವಳ ಹುಕುಂ. ಒಂದು ದಿನ ಧೈರ್ಯ ಬಂದು ಆ ಕೊನೆ ಚಲ್ಲಘಟ್ಟಕ್ಕೆ ಹೋದೆ. ಗೇಟಿನಾಚೆ ಹೋಗದೆ ವಾಪಸ್ ರೈಲು ಹತ್ತಿ ಈ ಕೊನೆ ವೈಟ್‌ಫೀಲ್ಡಿಗೂ ಹೋಗಿ, ಬೈಯಪ್ಪನಹಳ್ಳಿ ಮೇಲೆ ಹಲಸೂರಿಗೆ ಬಂದೆ. ಹೊಟ್ಟೆ ತಣ್ಣಗಿತ್ತು. ಗೇಟು ಮಾತ್ರ ತೆರೆಯಲಿಲ್ಲ.

ಒಳಗೆ ಇಷ್ಟೇ ಹೊತ್ತು ಇರಬೇಕೆಂಬ ನಿಯಮವಿದೆಯಂತೆ, ನಮಗೇನು ಗೊತ್ತು? ಅಲ್ಲಿದ್ದ ಹುಡುಗಿ, "ಎಲ್ಲಿಗ್ ಹೋಗಿದ್ರಿ ಅಮ್ಮಾ ಇಷ್ಟೊತ್ತು?" ಎಂದು ಕೇಳಿದಳು. ಎಲ್ಲಿಗೂ ಇಲ್ಲ, ಕೂತುಕೊಳ್ಳಲು ಹೋಗಿದ್ದೆ ಎಂದೆ. ಅವಳು ಸೆಕ್ಯೂರಿಟಿಯವರನ್ನು ಕರೆದಳು. ಅವರಿಗೆ ಅಮೆರಿಕ, ವಾಂತಿ, ನಡಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ನಕ್ಕು, ದಂಡವನ್ನೂ ಕಟ್ಟಿಸಿಕೊಂಡು, ಆಲ್ ದಿ ಬೆಸ್ಟ್ ಹೇಳಿ ಕಳಿಸಿದರು. ಆ ರಸೀದಿಯನ್ನು ನಿಮ್ಮಪ್ಪನಿಗೆ ಪ್ರಶಸ್ತಿಪತ್ರದ ಹಾಗೆ ಹಿಡಿದು ತೋರಿಸಿದೆ.

ಆಮೇಲೆ ಮನೆಯಲ್ಲಿ ಕಮರುನ್ನೀಸಾಳ ರಿಹರ್ಸಲ್. ಗೋಡೆಗೂ ಬೀರುವಿಗೂ ನಡುವೆ ಮೂರು ಕುರ್ಚಿ ಒತ್ತೊತ್ತಾಗಿ ಹಾಕಿ, ನನ್ನನ್ನು ನಡುವೆ ಕೂರಿಸಿ, ಪಕ್ಕದಲ್ಲಿ ನಿಮ್ಮಪ್ಪನನ್ನು ಕೂರಿಸಿದಳು. ಅವರ ಪಾತ್ರ ನಿದ್ದೆ ಮಾಡುವ ಪ್ರಯಾಣಿಕ. ಅವರ ಮಂಡಿ ದಾಟಿ ನಾನು ಶೌಚಾಲಯಕ್ಕೆ ಹೋಗಿ ಬರುವುದನ್ನು ಅಭ್ಯಾಸ ಮಾಡಬೇಕು. ಕಮರುನ್ನೀಸಾ ದುಪಟ್ಟಾವನ್ನು ಕೊರಳಿಗೆ ಗಂಟು ಹಾಕಿಕೊಂಡು, ತಟ್ಟೆಯಲ್ಲಿ ಉಪ್ಪಿಟ್ಟು ಹಿಡಿದು, "ವೆಜ್ ಆರ್ ನಾನ್‌ವೆಜ್ ಮೇಡಂ?" ಎನ್ನುತ್ತಾ ಅಡುಗೆಮನೆಯಿಂದ ಬರುವಳು. ನಿಮ್ಮಪ್ಪ ಪಾತ್ರದಲ್ಲಿ ಎಷ್ಟು ತಲ್ಲೀನರಾದರೆಂದರೆ ಗೊರಕೆಯೇ ಹೊಡೆದರು. ಐ.ಟಿ.ಐ. ಫ್ಯಾಕ್ಟರಿಯಲ್ಲಿ ನಾಟಕ ಮಾಡುತ್ತಿದ್ದೆ ಎಂದು ಅವರು ಹೇಳುತ್ತಿದ್ದದ್ದು ಸುಳ್ಳಲ್ಲ ಎಂದು ಆವತ್ತು ಗೊತ್ತಾಯಿತು.

ಇಷ್ಟೆಲ್ಲ ಮಾಡಿಯೂ ನಾನು ಒಂದು ಬುದ್ಧಿಗೇಡಿ ಕೆಲಸ ಮಾಡಿದೆ. ಯಾವ ಪ್ರಯಾಣಕ್ಕೂ ಹಿಂದಿನ ದಿನದಿಂದಲೇ ಉಪವಾಸ ಮಾಡಿ, ನಾಲಿಗೆ ಕೆಳಗೆ ಹುಣಸೆಹಣ್ಣು ಇಟ್ಟುಕೊಂಡು ಹೊರಡುವುದು ನನ್ನ ರೂಢಿಯಲ್ಲವೇ? ಒಳಗೆ ಇದ್ದರೆ ತಾನೇ ಹೊರಗೆ ಬರುವುದು ಎಂದು ನಮ್ಮಮ್ಮ ಕಲಿಸಿದ ಲೆಕ್ಕ. ಕಮರುನ್ನೀಸಾ ಸಾವಿರ ಸಲ ಹೇಳಿದ್ದಳು, ಒಣ ತಿಂಡಿ ಸ್ವಲ್ಪ ಸ್ವಲ್ಪ ತಿನ್ನುತ್ತಿರು, ನೀರು ಗುಟುಕು ಗುಟುಕಾಗಿ ಕುಡಿಯುತ್ತಿರು ಎಂದು. ಹೂಂ ಹೂಂ ಎಂದು ತಲೆಯಾಡಿಸಿ, ಹೊರಡುವ ಹಿಂದಿನ ಮಧ್ಯಾಹ್ನದಿಂದ ಒಂದು ಅಗುಳು ಮುಟ್ಟಲಿಲ್ಲ. ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ನೀರನ್ನೂ ಬಿಟ್ಟೆ. ನಿಮ್ಮಪ್ಪನಿಗೂ ಗೊತ್ತಾಗದ ಹಾಗೆ ಇಡ್ಲಿಯನ್ನು ಕಾಗೆಗೆ ಹಾಕಿದೆ.

ವಿಮಾನ ಏರಿತು. ಜಗನ್ ಸೇರಿ ನಮ್ಮ ತಂಡದವರ ಸೀಟು ಒಂದೊಂದು ಮೂಲೆಯಲ್ಲಿ, ನನಗೆ ರೆಕ್ಕೆಯ ಹತ್ತಿರ ಓಡಾಡುವ ದಾರಿಗೆ ತಾಗಿದ್ದು. ಅಲುಗಾಟ ಅಲ್ಲಿ ಕಡಿಮೆಯೆಂದು ಕಮರುನ್ನೀಸಾ ಹೇಳಿದ್ದಕ್ಕೆ ನಾನು ಕೇಳಿ ಪಡೆದ ಸೀಟು. ಬಿಗಿ ಕಾಲುಚೀಲ, ಸಡಿಲ ಬಟ್ಟೆ, ಎಲ್ಲ ಸರಿಯಿತ್ತು. ಮೊದಲ ಕೆಲವು ಗಂಟೆ ಮಹಾರಾಣಿಯ ಹಾಗೆ ಕೂತಿದ್ದೆ. ಎರಡನೆಯ ಸಲ ಊಟದ ಗಾಡಿ ಬಂತು ನೋಡು, ಆ ಬಿಸಿ ಎಣ್ಣೆಯ ವಾಸನೆಗೆ ಖಾಲಿ ಹೊಟ್ಟೆ ಕಿವುಚಿಕೊಂಡು ಬಂತು. ಬರಲು ಒಳಗೇನೂ ಇಲ್ಲ, ಬರೀ ಒಣ ಓಕರಿಕೆ. ಕೈಕಾಲು ತಣ್ಣಗಾಯಿತು, ಕಣ್ಣು ಕತ್ತಲಿಟ್ಟಿತು. ಗುಂಡಿ ಒತ್ತಿದೆ.

ಬಂದ ಗಗನಸಖಿಯ ಹೆಸರು ರಿಮ್ಶಾ, ಕನ್ನಡದ ಹುಡುಗಿ, ಅವಳ ಅಜ್ಜಿಮನೆ ಫ್ರೇಜರ್ ಟೌನ್ ಅಂತೆ. "ಏನಾಯ್ತು ಆಂಟಿ?" ಎಂದಳು. ನಾನು ಎದ್ದು ನಿಂತು, ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು, "ನಾನ್ ಇಳ್ಕೋತೀನಮ್ಮ," ಎಂದೆ. ಸುಳ್ಳಲ್ಲ ಹೇಮಾ, ಹಾಗೇ ಎಂದೆ. ಒಂದು ಜನ್ಮದ ಅಭ್ಯಾಸ. ಅವಳು ನಗಲಿಲ್ಲ. "ಎಲ್ಲಿ ಇಳೀತೀರ ಆಂಟಿ, ಕೆಳಗಡೆ ಸಮುದ್ರ," ಎಂದು ಮೆತ್ತಗೆ ಹೇಳಿ, ಮುಂದಿನ ಪರದೆಯಲ್ಲಿ ಪುಟ್ಟ ವಿಮಾನ ನೀಲಿಯ ನಡುವೆ ನಿಂತಂತಿರುವುದನ್ನು ತೋರಿಸಿದಳು.

ಆಗ ನನಗೆ ಅಳು ಬಂತು. ಭಯಕ್ಕೆ ಬಂದ ಅಳು, ಸುಮ್ಮನೆ ಬೇರೆ ಹೆಸರು ಯಾಕಿಡಲಿ. ಬಸ್ಸಿನಲ್ಲಾದರೆ ಯಾವಾಗ ಬೇಕಾದರೂ ಇಳಿಯಬಹುದು ಎಂಬುದೊಂದು ಇತ್ತು, ಹೊಟ್ಟೆ ಸ್ವಲ್ಪ ತೊಳಸಿದರೂ ಮನಸ್ಸು ಬಾಗಿಲ ಹತ್ತಿರ ಓಡುತ್ತಿತ್ತು. ಇಲ್ಲಿ ಬಾಗಿಲೇ ಇಲ್ಲ. ಇಳಿದೆನೆಂದು ರಾಮನಗರದಿಂದ ಫೋನ್ ಮಾಡಿದಾಗಲೆಲ್ಲ ನೀನು "ಪರ್ವಾಗಿಲ್ಲ ಬಿಡಮ್ಮ" ಎನ್ನುತ್ತಿದ್ದೆ. ಕೊನೆಯ ಸಲ ಏನೂ ಹೇಳದೆ ಇಟ್ಟೆ. ಅದು ನೆನಪಾಯಿತು. ನನ್ನ ಮಗಳು ನನ್ನನ್ನು ಕಾಯುವುದನ್ನೇ ಬಿಟ್ಟಿದ್ದಾಳೆ ಎಂದು ಅಷ್ಟು ಎತ್ತರದಲ್ಲಿ ಕೂತು ಮೊದಲ ಸಲ ಅರ್ಥವಾಯಿತು. ಕಣ್ಣೊರೆಸಿಕೊಂಡು, ಇನ್ನೇನು ಮಾಡಬೇಕು ಹೇಳಮ್ಮ ಎಂದು ಆ ಹುಡುಗಿಯನ್ನೇ ಕೇಳಿದೆ.

"ಬೆಳಿಗ್ಗೆ ಏನ್ ತಿಂದ್ರಿ?" ಎಂದಳು. ನಿನ್ನೆಯಿಂದ ಏನೂ ಇಲ್ಲ ಎಂದೆ. ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ಆಂಟಿ, ಖಾಲಿ ಹೊಟ್ಟೇಲಿ ಪಕ್ಕದ್ ಬೀದಿಗೂ ಹೋಗ್ಬಾರ್ದು, ನೀವು ಅಮೆರಿಕಕ್ಕೆ ಹೊರ್ಟಿದೀರ!" ಎಂದು ಬೈದು, ಹಿಂದುಗಡೆ ಅವರ ಅಡುಗೆ ಕಟ್ಟೆಯ ಹತ್ತಿರ ಕೂರಿಸಿ, ಒಣ ಬನ್ನನ್ನು ಮುರಿದು ಮುರಿದು ತಿನ್ನಿಸಿದಳು. ನಡುನಡುವೆ ಒಂದೊಂದು ಗುಟುಕು ನೀರು. ಅರ್ಧ ಬನ್ನು ಇಳಿಯುವಷ್ಟರಲ್ಲಿ ಹೊಟ್ಟೆಯ ಕಿವುಚಾಟ ನಿಂತಿತು. ನಮ್ಮಮ್ಮನ ಲೆಕ್ಕ ಇಷ್ಟು ವರ್ಷ ತಪ್ಪಾಗಿಯೇ ಇತ್ತಲ್ಲೇ!

ಇನ್ನು ನಡೆದರೆ ಒಳ್ಳೆಯದು ಎಂದು ಅವಳೇ ಹೇಳಿದಳು. ನಡೆ ಎಂದು ನನಗೆ ಹೇಳಬೇಕೇ? ಆ ವಿಮಾನದಲ್ಲಿ ಈ ಕಡೆ ಒಂದು ದಾರಿ, ಆ ಕಡೆ ಒಂದು ದಾರಿ, ಎರಡು ತುದಿಯಲ್ಲೂ ಅಡ್ಡದಾರಿ. ಸುತ್ತು ಹಾಕಿದರೆ ಥೇಟ್ ಸ್ಟೇಡಿಯಂ ಟ್ರ್ಯಾಕು. ಸೀಟುಬೆಲ್ಟಿನ ದೀಪ ಹತ್ತಿದಾಗ ಕೂತೆ, ಆರಿದಾಗ ಎದ್ದೆ. ಪ್ರತಿ ಸುತ್ತಿಗೂ ರಿಮ್ಶಾ ಒಂದು ಲೋಟ ನೀರು ಹಿಡಿದು ನಿಂತಿರುವಳು. ನನ್ನನ್ನು ನೋಡಿ ಒಬ್ಬ ಪಂಜಾಬಿ ಅಜ್ಜಿ ಮಂಡಿ ಹಿಡಿದುಕೊಂಡು ಎದ್ದು ಹಿಂದೆ ಬಂದರು, ಅವರ ಹಿಂದೆ ಸೊಂಟ ಹಿಡಿದ ಒಬ್ಬರು ಸೇಟು, ಅವರ ಹಿಂದೆ ಇನ್ಯಾರೋ. ಮೆರವಣಿಗೆಯೇ ಹೊರಟಿತು. ಮುಂದಿನ ಸಾಲಿನಲ್ಲಿ ಬಾಯಿ ತೆರೆದು ಮಲಗಿದ್ದ ಜಗನ್ ಕಣ್ಣುಬಿಟ್ಟು, "ಅಕ್ಕಾ, ಮಂಡಿ ಬಗ್ಗಿಸ್ಬೇಡಿ, ಔಟ್ ಮಾಡ್ಬಿಡ್ತಾರೆ," ಎಂದು ಸ್ಪರ್ಧೆಯ ನಿಯಮ ಹೇಳಿ ಮತ್ತೆ ನಿದ್ದೆಹೋದರು.

ಚಕ್ರ ನೆಲ ಮುಟ್ಟಿದಾಗ ಜನ ತಮ್ಮ ತಮ್ಮ ಚೀಲ ಹುಡುಕುತ್ತಿದ್ದರು. ನಾನು ಕೂತಲ್ಲೇ ಚಪ್ಪಾಳೆ ತಟ್ಟಿದೆ. ಪಕ್ಕದವರು ಪೈಲಟ್ಟಿಗೆ ತಟ್ಟಿದೆನೆಂದುಕೊಂಡರು, ನಾನು ತಟ್ಟಿಕೊಂಡದ್ದು ನನಗೇ. ಬಾಗಿಲಲ್ಲಿ ರಿಮ್ಶಾ ನನ್ನನ್ನು ತಬ್ಬಿಕೊಂಡು, ವಾಪಸ್ ಬರುವಾಗ ತಿಂದುಕೊಂಡು ಬನ್ನಿ ಎಂದು ಮಾತು ತೆಗೆದುಕೊಂಡಳು.

ಕಾಲು ಊದಿ ಶೂಸಿಗೆ ಹಿಡಿಸಲಿಲ್ಲ, ಜಗನ್‌ರ ಹವಾಯಿ ಚಪ್ಪಲಿಯಲ್ಲೇ ಹೋಟೆಲ್ ಸೇರಿದೆ. ಗೋಡೆಗೆ ಕಾಲೆತ್ತಿ ಮಲಗಿ, ಹಗಲಾದರೆ ಬಿಸಿಲಿಗೆ ಬಂದು, ಎರಡೇ ದಿನದಲ್ಲಿ ಸರಿಹೋದೆ. ನಿನ್ನೆ ಸ್ಪರ್ಧೆ. ಅರವತ್ತು ದಾಟಿದ ಹೆಂಗಸರ ಐದು ಕಿಲೋಮೀಟರ್ ನಡಿಗೆ. ಸಾಲಿನಲ್ಲಿ ನಿಂತಾಗ ಅಕ್ಕಪಕ್ಕದವರು ಕೊಕ್ಕರೆಯ ಹಾಗೆ ಎತ್ತರ. ಜರ್ಮನಿಯವಳೊಬ್ಬಳ ಕಾಲೇ ನನ್ನ ಎದೆಯವರೆಗಿತ್ತು. ಹೆದರಬೇಕಿತ್ತು, ಹೆದರಿಕೆ ಹುಟ್ಟಲೇ ಇಲ್ಲ. ಗಾಳಿಯಲ್ಲಿ ಹದಿನೇಳು ಗಂಟೆ ಇದ್ದು ಬಂದವಳಿಗೆ ನೆಲದ ಮೇಲೆ ಯಾರ ಭಯ? ಅರ್ಧ ದಾರಿಯವರೆಗೆ ಐದನೆಯವಳಾಗಿದ್ದೆ, ಆಮೇಲೆ ಒಬ್ಬೊಬ್ಬರನ್ನೇ ಹಿಂದೆ ಹಾಕಿದೆ. ಕೊನೆಗೆ ಆ ಜರ್ಮನಿಯವಳೊಬ್ಬಳೇ ಉಳಿದಳು, ಅವಳನ್ನು ಹಿಡಿಯಲಾಗಲಿಲ್ಲ. ಎರಡನೆಯ ಸ್ಥಾನ ಹೇಮಾ! ಜೋಗುಪಾಳ್ಯದ ಪಿಳ್ಳಮ್ಮ ಎಂದು ಮೈಕಿನಲ್ಲಿ ಕೂಗಿದರು. ಹೆಸರನ್ನು ಪಿಲಾಮಾ ಎಂದು ಕೊಂದರು, ಆದರೂ ಕಿವಿಗೆ ಇಂಪಾಗಿತ್ತು. ಬೆಳ್ಳಿ ಪದಕ ಕೊರಳಿಗೆ ಹಾಕಿಕೊಂಡೇ ಮಲಗಿದೆ.

ಮಡಿಕೇರಿಯ ಮಾತನ್ನು ಇಲ್ಲಿ ಎತ್ತುವುದಿಲ್ಲ. ಬರುತ್ತೇನೆ ಬರುತ್ತೇನೆ ಎಂದು ಹೇಳಿ ನಡುದಾರಿಯಲ್ಲಿ ಇಳಿದವಳ ಮಾತಿಗೆ ಬೆಲೆಯಿಲ್ಲವೆಂದು ನನಗೂ ಗೊತ್ತು. ನಿನಗೆ ಇಷ್ಟನ್ನೇ ಹೇಳಬೇಕಿತ್ತು. ಪದಕ ಬಂದದ್ದು ದೊಡ್ಡದೇ, ನಾನೇನು ವಿನಯ ತೋರಿಸುವುದಿಲ್ಲ. ಆದರೆ ಸಮುದ್ರದ ಮೇಲೆ ಅರ್ಧ ಬನ್ನು ತಿಂದು ನಾನು ಎದ್ದು ನಿಂತೆನಲ್ಲ, ಅದನ್ನು ನೀನು ನೋಡಬೇಕಿತ್ತು. ನಿನ್ನ ಕೋಪ ಇಳಿಯದಿದ್ದರೆ ಬೇಡ, ಇರಲಿ. ನಾನು ಕೇಳಿಸಿಕೊಳ್ಳುತ್ತೇನೆ. ಸಿದ್ಧಾರ್ಥನಿಗೆ ಆಶೀರ್ವಾದ, ದೀಪುವಿಗೆ ಕೆನ್ನೆ ತುಂಬ ಮುತ್ತು.

ನಿನ್ನನ್ನು ಬಿಟ್ಟಿರಲಾರದ ನಿನ್ನ ಅಮ್ಮ,
ಪಿಳ್ಳಮ್ಮ

ತಾ.ಕ.: ಮಡಿಕೇರಿ, ೨೪ ಜುಲೈ, ಬುಧವಾರ. ಲಕೋಟೆಯ ಮೇಲೆ ಅಂಚೆಚೀಟಿ ಇಲ್ಲದ್ದನ್ನು ನೋಡಿ ನಿನಗೆ ಅನುಮಾನ ಬಂದಿರಬೇಕು. ಅಲ್ಲಿ ಬರೆದದ್ದನ್ನು ಅಂಚೆಗೆ ಹಾಕಲಿಲ್ಲ, ಕೈಯಲ್ಲೇ ತಂದೆ. ನಿಮ್ಮಪ್ಪ ಜೊತೆಗೆ ಬರುತ್ತೇನೆಂದರು, ನಾನೇ ಬೇಡವೆಂದೆ. ಮೈಸೂರಿನಲ್ಲಿ ಎರಡು ಇಡ್ಲಿ ತಿಂದು ಬಸ್ಸು ಬದಲಾಯಿಸಿದೆ. ಸುಂಟಿಕೊಪ್ಪದಾಚೆಯ ತಿರುವುಗಳಲ್ಲಿ ಒಂದು ಸಲ ವಾಂತಿಯಾಯಿತು, ಸುಳ್ಳು ಯಾಕೆ ಹೇಳಲಿ. ಕಂಡಕ್ಟರ್ ಶಿಳ್ಳೆ ಹೊಡೆದು ಬಸ್ಸು ನಿಲ್ಲಿಸಿ, "ಇಳೀತೀರಾ ಅಮ್ಮಾ?" ಎಂದು ಕೇಳಿದ. ಬಾಗಿಲು ತೆರೆದೇ ಇತ್ತು. ಬಾಯಿ ತೊಳೆದುಕೊಂಡು, "ಇಲ್ಲಪ್ಪ, ಮಗಳ ಮನೆಗೆ ಹೋಗ್ಬೇಕು, ನಡಿ," ಎಂದೆ. ಈಗ ನಿಮ್ಮ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತಿದ್ದೇನೆ, ಈ ಕಾಗದವನ್ನು ನಿಮ್ಮ ವಾರ್ಡಿನ ಆಯಾ ಕೈಗೆ ಕೊಡುತ್ತೇನೆ. ಡ್ಯೂಟಿ ಮುಗಿಸಿಯೇ ಬಾ, ಅವಸರವಿಲ್ಲ. ನಿನ್ನ ಮನೆಗೆ ದಾರಿ ನನಗೆ ಗೊತ್ತಿಲ್ಲ ಕಣೇ, ಬಂದು ಕರೆದುಕೊಂಡು ಹೋಗು.